ಲಾಯರಮ್ಮ ಓದದೇ ಹೋದ ಕಾನೂನು

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆ ಹುಡುಗಿಗೆ ಲಾಯರಮ್ಮ ಅಂತ ಹೆಸರು ಬಿದ್ದದ್ದು ಅವಳ ಬಾಯಿಯ ದೆಸೆಯಿಂದ. ಚಿಕ್ಕಂದಿನಲ್ಲಿ ಯಾರು ಬೈದರೂ ‘ಸಾಕ್ಷಿ ಎಲ್ಲಿ’ ಅನ್ನುತ್ತಿದ್ದಳಂತೆ. ಹೆಸರಿಟ್ಟವಳು ದೊಡ್ಡಮ್ಮ. ಆಗಿನ್ನೂ ಮೇಲಿನವರಿಗೂ ಕೆಳಗಿನವರಿಗೂ ಮಾತಿತ್ತು.

ಮೇಲಿನವರೆಂದರೆ ಇವಳ ಅಪ್ಪ, ಅಮ್ಮ. ಕೆಳಗಿನವರೆಂದರೆ ದೊಡ್ಡಪ್ಪ, ದೊಡ್ಡಮ್ಮ. ಅಜ್ಜ ಕಟ್ಟಿಸಿದ ಮನೆಯನ್ನು ಅಣ್ಣತಮ್ಮಂದಿರು ಮೇಲೊಬ್ಬ ಕೆಳಗೊಬ್ಬ ಅಂತ ಹಂಚಿಕೊಂಡರು, ಮೆಟ್ಟಿಲನ್ನು ಹಂಚಲು ಮರೆತರು. ಅದು ಹುಟ್ಟುವುದು ದೊಡ್ಡಪ್ಪನ ನಡುಮನೆಯಲ್ಲಿ, ಮುಗಿಯುವುದು ಅಪ್ಪನ ಬಾಗಿಲಲ್ಲಿ.

“ಮೆಟ್ಟಿಲು ನಂದು. ನೀನು ಹೊರಗಿಂದ ಏಣಿ ಹಾಕಿಸ್ಕೋ” ಅಂದ ಅಣ್ಣ.

“ಏಣಿ ಹತ್ತೋಕೆ ನಾನೇನು ಕಳ್ಳನಾ?” ಅಂದ ತಮ್ಮ.

ತಮ್ಮ ಕೇಸು ಹಾಕಿದ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಇವರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ವಾಯಿದೆಗೆ ಹೋದರು, ಬಂದರು.

“ಮನೇಲೇ ಒಬ್ಬಳು ಲಾಯರ್ ಇದ್ರೆ ಹೊರಗಿನವನಿಗೆ ಯಾಕೆ ಸುರೀಬೇಕು” ಅಂತ ಮೊದಲು ಅಂದವನು ಅಪ್ಪನೇ. ಮಗಳಿಗೂ ಅದೇ ಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫ್ರೇಮುಗಳ ಮಧ್ಯೆ ಪುಸ್ತಕ ಒರಗಿಸಿಕೊಂಡು ಓದಿ ಪರೀಕ್ಷೆ ಪಾಸು ಮಾಡಿದಳು. ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀಸು ಕಟ್ಟುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಸಾಲವೇ ಗತಿ.

ಬ್ಯಾಂಕಿನವರು ಮನೆಯ ಪತ್ರ ನೋಡಿ, “ಇದರ ಮೇಲೆ ತಕರಾರಿದೆಯಲ್ಲಮ್ಮ. ಕೇಸು ಮುಗಿಸ್ಕೊಂಡು ಬನ್ನಿ” ಅಂದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಆ ಸಂಜೆ ದೊಡ್ಡಪ್ಪ ಅವಳನ್ನು ಮೆಟ್ಟಿಲ ಬುಡದಲ್ಲಿ ತಡೆದ.

“ಏನೇ ಲಾಯರಮ್ಮ, ಸಾಲ ಕೊಡಲಿಲ್ವಂತೆ? ನಿಮ್ಮಪ್ಪ ಕೇಸು ವಾಪಸ್ ತಗೊಳ್ಲಿ, ಬ್ಯಾಂಕಿಗೆ ನಾನೇ ಬಂದು ಸಹಿ ಹಾಕ್ತೀನಿ. ನೀನು ಓದಬಾರದು ಅಂತ ನಾನು ಯಾವತ್ತು ಅಂದೆ?”

ಮೇಲೆ ಹೋಗಿ ಹೇಳಿದಳು. ಅಪ್ಪ “ಯೋಚ್ನೆ ಮಾಡೋಣ” ಅಂದ. ಅಂದಿನಿಂದ ತಟ್ಟೆಯಲ್ಲಿ ಕೈಯಾಡಿಸಿ ಏಳತೊಡಗಿದ.

ಅಷ್ಟು ಸಾಲ ಮಾಡಿ ಓದಿದರೆ ತೀರೀತೇ ಅಂತ ಕೇಳಲು ಅವಳು ಅಪ್ಪನ ವಕೀಲರ ಹತ್ತಿರವೇ ಹೋದಳು. ಅವರ ಜೂನಿಯರ್ ಕಕ್ಷಿದಾರರ ಬೆಂಚಿನ ತುದಿಯಲ್ಲಿ ಕೂತು ಬುತ್ತಿ ಬಿಚ್ಚಿದ್ದ.

“ಸಂಬಳ ಎಷ್ಟು ಕೊಡ್ತಾರೆ?” ಅಂತ ಮೆಲ್ಲಗೆ ಕೇಳಿದಳು.

“ಸರ್‌ಗೆ ನೆನಪಾದಷ್ಟು” ಅಂದ.

ವಕೀಲರು ಒಳಗೆ ಕರೆದು ಕೂರಿಸಿದರು. ಕೇಳಿದ್ದಕ್ಕೆ ನೇರವಾಗಿಯೇ ಹೇಳಿದರು.

“ತೀರುತ್ತೆ ಕಣಮ್ಮ, ಯಾಕೆ ತೀರಲ್ಲ? ನಿಮ್ಮಪ್ಪನಂಥೋರು ಒಂದು ಹತ್ತು ಜನ ಸಿಗಬೇಕು. ಅವರ್ಯಾರೂ ಬೇಗ ರಾಜಿ ಆಗಬಾರದು, ಅಷ್ಟೇ.”

ಅವರು ನಕ್ಕರು. ಮರ್ಯಾದೆಗೆ ಅವಳೂ ನಕ್ಕಳು. ದಾರಿಯುದ್ದಕ್ಕೂ ಆ ಹತ್ತು ಜನ ಅವಳ ಹಿಂದೆಯೇ ನಡೆದು ಬಂದಂತಿತ್ತು. ಒಬ್ಬೊಬ್ಬನ ಮನೆಯಲ್ಲೂ ಒಂದೊಂದು ಮೆಟ್ಟಿಲು, ಒಬ್ಬೊಬ್ಬಳು ಮಗಳು.

ಊಟಕ್ಕೆ ಕೂತಾಗ ಅಂದಳು: “ಬೇಡ ಅನ್ಸುತ್ತಪ್ಪ. ಅಷ್ಟು ಸಾಲ ತಲೆ ಮೇಲೆ ಹೊತ್ಕೊಂಡು ಓದೋದ್ರಲ್ಲಿ ಏನಿದೆ?”

ಅದರಲ್ಲಿ ಅರ್ಧ ನಿಜ. ಇನ್ನರ್ಧ, ಅಪ್ಪ ಏನನ್ನುತ್ತಾನೋ ನೋಡೋಣ ಅಂತ. ‘ಮೆಟ್ಟಿಲು ಹಾಳಾಗಿ ಹೋಗ್ಲಿ, ನೀನು ಓದು’ ಅಂತ ಒಂದು ಮಾತು ಬಂದಿದ್ದರೆ ಆ ಹತ್ತು ಜನರನ್ನೂ ರಾಜಿ ಮಾಡಿಸುವ ಲಾಯರೇ ಅವಳು ಆಗುತ್ತಿದ್ದಳೇನೋ. ಸೌಟು ಹಿಡಿದಿದ್ದ ಅಮ್ಮನೂ ಅಪ್ಪನ ಬಾಯನ್ನೇ ನೋಡುತ್ತಿದ್ದಳು.

“ನಿನಗೆ ಬುದ್ಧಿ ಇದೆ ಕಣೆ” ಅಂದ ಅಪ್ಪ, ತಟ್ಟೆಯಿಂದ ಕಣ್ಣೆತ್ತದೆ. “ನಾನೂ ಅದನ್ನೇ ಅಂದ್ಕೊಂಡಿದ್ದೆ.” ಆಮೇಲೆ ಅಮ್ಮನಿಗೆ, “ಇನ್ನೊಂಚೂರು ಬಡಿಸು” ಅಂದ.

ಅಂದು ಅವನು ಹೊಟ್ಟೆ ತುಂಬ ಉಂಡ.

ಈಗ ವಾಯಿದೆ ಇದ್ದ ದಿನ ಅವಳೇ ಅಂಗಡಿಗೆ ರಜೆ ಹಾಕಿ ಅಪ್ಪನನ್ನು ಕೋರ್ಟಿಗೆ ಕರೆದುಕೊಂಡು ಹೋಗುತ್ತಾಳೆ; ಅವನಿಗೆ ಮಂಡಿನೋವು. ಬೆಂಚಿನ ಮೇಲೆ ಕೂತು ಅಪ್ಪ ಪಕ್ಕದವರೊಡನೆ ಮಾತು ತೆಗೆಯುತ್ತಾನೆ.

“ಇವಳಿಗೂ ಲಾ ಸೀಟು ಸಿಕ್ಕಿತ್ತು” ಅನ್ನುತ್ತಾನೆ. “ನಾನು ಓದಿಸ್ತಿದ್ದೆ. ಇವಳೇ ಬೇಡ ಅಂದ್ಳು.”