ಮಹದೇವಣ್ಣನ ಕೇಬಲ್ಲಿನಲ್ಲಿ ಬಾರದ ಮಗಳು

ಅತ್ತಿಗುಪ್ಪೆಯಿಂದ ದೀಪಾಂಜಲಿ ನಗರದವರೆಗೆ ಕೇಬಲ್ ಮಹದೇವಣ್ಣ ಕಾಲಿಡದ ಮನೆಯಿಲ್ಲ. ಇಪ್ಪತ್ತೆಂಟು ವರ್ಷದಿಂದ ಇಲ್ಲಿನ ಟೆರೇಸುಗಳನ್ನು ಹತ್ತಿ ಇಳಿದವನು. ಯಾರ ಟಿವಿಯ ಮೇಲೆ ದೇವರ ಪಟವಿದೆ, ಯಾರ ಟಿವಿಯ ಹಿಂದೆ ಜಿರಳೆ ಸಂಸಾರ ಹೂಡಿದೆ, ಯಾವ ಅತ್ತೆ ಸೊಸೆ ರಿಮೋಟಿಗಾಗಿ ಮಾತು ಬಿಟ್ಟಿದ್ದಾರೆ, ಎಲ್ಲ ಅವನಿಗೆ ಗೊತ್ತು. ಮಳೆ ಹನಿಯಿತೆಂದರೆ ಜನ ಒಣಗಿದ ಬಟ್ಟೆ ಎತ್ತುವ ಮೊದಲು ಅವನಿಗೆ ಫೋನು ಹಚ್ಚುತ್ತಾರೆ. ವಯಸ್ಸು ಐವತ್ತೆರಡಾಯಿತು, ಬಲಮೊಣಕಾಲು ಹಿಡಿದುಕೊಂಡಿದೆ. ಆದರೂ ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿಕೊಂಡು ಹೊರಟರೆ ನೀರಿನ ಟ್ಯಾಂಕಿನ ಏಣಿಯನ್ನೂ ಹತ್ತುತ್ತಾನೆ.

ಊರಿಗೆಲ್ಲ ಟಿವಿ ತೋರಿಸಿದ ಈ ಮನುಷ್ಯನಿಗೆ ಟಿವಿ ಕಂಡರೆ ಅಸಹ್ಯ ಹುಟ್ಟಿದ್ದು ಈಚಿನ ನಾಲ್ಕು ವರ್ಷದಲ್ಲಿ. ಕಾರಣ ಅವನ ಮಗಳು ಸಂಘಮಿತ್ರಾ. ಅವಳು ಗಾಲ್ಫ್ ಆಡುತ್ತಾಳೆ.

ಕೇಬಲ್ಲಿನವನ ಮಗಳಿಗೆ ಗಾಲ್ಫ್ ಎಲ್ಲಿಂದ ಬಂತು ಎಂದು ಕೇಳದವರಿಲ್ಲ. ಬಂದದ್ದು ತಾಯಿಯ ಕಡೆಯಿಂದ. ಮಹದೇವನ ಹೆಂಡತಿ ಶಶಿಕಲಾ ಕೆಂಗೇರಿ ದಾಟಿದ ಮೇಲಿರುವ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಾಳೆ. ಚೆಂಡು ಬೀಳಬೇಕಾದ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿಗೆ ಅಲ್ಲಿ ಗ್ರೀನ್ ಎನ್ನುತ್ತಾರೆ. ಆರು ಜನ ಹೆಂಗಸರು ಸಾಲಾಗಿ ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದೇ ಹೆಜ್ಜೆ ಸರಿಯುತ್ತ, ಬೆರಳಿನಿಂದ ಕಳೆಯ ಬೇರು ಹಿಡಿದು ಎಳೆಯಬೇಕು. ಹಿಂದೊಂದು ಬೇಸಿಗೆ ರಜೆಯಲ್ಲಿ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದೆ ಶಶಿಕಲಾ ಪುಟ್ಟ ಮಗಳನ್ನು ಜೊತೆಗೆ ಕರೆದೊಯ್ದಳು. ಹುಡುಗಿ ತಾಯಿಯ ಪಕ್ಕ ಕೂತು ಕಳೆ ಕಿತ್ತಳು, ಕಳೆದುಹೋದ ಚೆಂಡುಗಳನ್ನು ಪೊದೆಯಿಂದ ಹೆಕ್ಕಿದಳು, ಒಂದು ದಿನ ಯಾರೋ ಎಸೆದ ಮುರುಕು ಕೋಲಿನಿಂದ ಒಂದು ಚೆಂಡನ್ನು ಹೊಡೆದಳು. ಅದನ್ನು ನೋಡಿದ ತರಬೇತುದಾರ ಬುದ್ಧಿಯಿದ್ದವನು, ಕರೆದು ಕಲಿಸಿದ. ಇಪ್ಪತ್ತನೇ ವಯಸ್ಸಿಗೆ ಅವಳು ದೇಶದ ವೃತ್ತಿಪರ ಆಟಗಾರ್ತಿಯರ ಸಾಲಿಗೆ ಸೇರಿದಳು, ಈಗ ಇಪ್ಪತ್ತನಾಲ್ಕು.

ಸೇರಿದಳು, ಸರಿ. ಕಂಡವರು ಯಾರು? ಮಹದೇವ ತನ್ನ ಸೆಟ್‌ಟಾಪ್ ಪೆಟ್ಟಿಗೆಯಲ್ಲಿರುವ ಹದಿನಾರು ಕ್ರೀಡಾ ಚಾನೆಲ್ಲುಗಳನ್ನು ನಾಲ್ಕು ವರ್ಷ ಜಾಲಾಡಿದ. ಯಾವುದೋ ದೇಶದಲ್ಲಿ ಗಂಡಸರು ಕೊಡಲಿ ಹಿಡಿದು ದಿಮ್ಮಿ ಕಡಿಯುವ ಸ್ಪರ್ಧೆಯನ್ನು ಮುಕ್ಕಾಲು ಗಂಟೆ ತೋರಿಸುತ್ತಾರೆ. ಇಸ್ಪೀಟಾಡುವುದನ್ನು ತೋರಿಸುತ್ತಾರೆ. ಹದಿನೈದು ವರ್ಷದ ಹಿಂದಿನ ಕ್ರಿಕೆಟ್ ಪಂದ್ಯವನ್ನು, ಗೆದ್ದವರು ಯಾರೆಂದು ತೊಟ್ಟಿಲ ಕೂಸಿಗೂ ಗೊತ್ತಿರುವುದನ್ನು, ವಾರಕ್ಕೆ ಎರಡು ಸಲ ಉಸಿರು ಬಿಗಿಹಿಡಿದು ತೋರಿಸುತ್ತಾರೆ. ಗಂಡಸರ ಗಾಲ್ಫಿಗಂತೂ ಬರವೇ ಇಲ್ಲ. ಹೊಟ್ಟೆ ಬಂದವರ ಗಾಲ್ಫ್, ಕೂದಲು ನೆರೆತವರ ಗಾಲ್ಫ್, ಮಳೆ ನಿಲ್ಲಲಿ ಎಂದು ಕೊಡೆಯಡಿ ಬಾಳೆಹಣ್ಣು ತಿನ್ನುತ್ತ ಕೂತ ಗಂಡಸರ ಗಾಲ್ಫ್. ಬಾಳೆಹಣ್ಣಿಗೂ ಕ್ಯಾಮೆರಾ ಇದೆ. ಹೆಣ್ಣುಮಕ್ಕಳು ಮೂರು ದಿನ ಬಿಸಿಲಲ್ಲಿ ನಡೆದು ಆಡುವ ಆಟಕ್ಕೆ ಒಂದು ಕ್ಯಾಮೆರಾ ಇಲ್ಲ. ಅವರ ಪಂದ್ಯ ಇಡುವುದೂ ಬುಧವಾರದಿಂದ ಶುಕ್ರವಾರದವರೆಗೆ, ಏಕೆಂದರೆ ಶನಿವಾರ ಭಾನುವಾರ ಮೈದಾನ ಕ್ಲಬ್ಬಿನ ಸದಸ್ಯರಿಗೆ ಬೇಕು. ಮದುವೆ ಮನೆಯಲ್ಲಿ ನೆಂಟರದೆಲ್ಲ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಇದರಿಂದ ಮನಸ್ಸಿಗೆ ನೋವು ಮಾತ್ರವಾಗಿದ್ದರೆ ಮಹದೇವ ನುಂಗಿಕೊಳ್ಳುತ್ತಿದ್ದ. ಆದರೆ ಮಗಳ ಆಟವೇ ಇದರ ಮೇಲೆ ನಿಂತಿತ್ತು. ಊರೂರು ಸುತ್ತಿ ಆಡುವ ಖರ್ಚನ್ನು ಹೊತ್ತವರು ಸುಧೀಂದ್ರ. ಸುಂಕದಕಟ್ಟೆಯಲ್ಲಿ ಅವರದು ನಲ್ಲಿ ತಯಾರಿಸುವ ಕಾರ್ಖಾನೆ, ವಿಜಯನಗರದಲ್ಲಿ ಮನೆ, ಮಹದೇವನ ಕೇಬಲ್ಲಿನ ಗಿರಾಕಿ. ಸಂಘಮಿತ್ರಾಳ ಟೋಪಿಯ ಮೇಲೆ ಅವರ ನಲ್ಲಿಯ ಹೆಸರು ಹೊಲಿದಿತ್ತು. ಕೆಟ್ಟವರೇನಲ್ಲ, ವ್ಯಾಪಾರಸ್ಥರು. ದೀಪಾವಳಿ ಆದ ಮೇಲೆ ಮಹದೇವನನ್ನು ಕೂರಿಸಿ ಕಾಫಿ ಕೊಟ್ಟು ಹೇಳಿದ್ದರು:

"ನೋಡಿ ಮಹದೇವ್, ಎರಡು ವರ್ಷ ಆಯ್ತು. ಟಿವಿಲಿ ಒಂದೇ ಒಂದ್ಸಲ ಆ ಟೋಪಿ ಕಾಣ್ಲಿ, ಮುಂದಿನ ವರ್ಷದ ಖರ್ಚೂ ನಂದೇ. ಕಾಣ್ದೇ ಇದ್ರೆ ನಾನು ಪಾರ್ಟ್ನರ್‌ಗೆ ಏನಂತ ಹೇಳ್ಲಿ?"

ವರ್ಷದ ಕೊನೆಯ ಪಂದ್ಯ ಡಿಸೆಂಬರಿನಲ್ಲಿ ಬಂತು, ಅದೂ ಶಶಿಕಲಾ ಕಳೆ ಕೀಳುವ ಅದೇ ಕ್ಲಬ್ಬಿನಲ್ಲಿ. ಎರಡು ದಿನದ ಆಟ ಮುಗಿದಾಗ ಸಂಘಮಿತ್ರಾ ಎಲ್ಲರಿಗಿಂತ ಮುಂದಿದ್ದಳು. ಆ ಗುರುವಾರ ಸಂಜೆ ಮಹದೇವ ಅಭ್ಯಾಸಬಲದಿಂದ ರಿಮೋಟಿನ ಗೈಡ್ ಒತ್ತಿದ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಚಾನೆಲ್ಲಿನ ಮುಂದೆ ಹೀಗೆ ಬರೆದಿತ್ತು: ಗಾಲ್ಫ್, ಬೆಂಗಳೂರು, ಕೊನೆಯ ಸುತ್ತು.

ಆ ಸಾಲಿನ ಪಕ್ಕದಲ್ಲಿ ಲೈವ್ ಎಂಬ ಕೆಂಪು ಗುರುತು ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮಹದೇವನೇ "ಗೈಡ್ ನಂಬ್ಬೇಡಿ ಸಾರ್, ಅದ್ರಲ್ಲಿ ಬರೆಯೋದೊಂದು ಬರೋದೊಂದು" ಎಂದು ಬುದ್ಧಿ ಹೇಳುತ್ತಿದ್ದ. ಅಂದು ಹೇಳುವವರು ಯಾರೂ ಇರಲಿಲ್ಲ. ಕೂಡಲೇ ಕೇಬಲ್ ಆಫೀಸಿಗೆ ಹೋಗಿ, ತಮ್ಮ ಲೋಕಲ್ ಚಾನೆಲ್ಲಿನ ಕೆಳಗೆ ಓಡುವ ಪಟ್ಟಿಯಲ್ಲಿ ಅಕ್ಷರ ಓಡಿಸಿದ: ನಮ್ಮ ಅತ್ತಿಗುಪ್ಪೆಯ ಹುಡುಗಿ ಸಂಘಮಿತ್ರಾ ಮಹದೇವ್ ಅವರ ಗಾಲ್ಫ್ ಫೈನಲ್, ಶುಕ್ರವಾರ ಮಧ್ಯಾಹ್ನ ಎರಡಕ್ಕೆ, ತಪ್ಪದೆ ವೀಕ್ಷಿಸಿ. ಸುಧೀಂದ್ರ ಅವರಿಗೂ ಫೋನು ಮಾಡಿದ.

ಶುಕ್ರವಾರ ಬೆಳಿಗ್ಗೆ ಮಗಳು ಶೂ ಒರೆಸಿಕೊಳ್ಳುತ್ತ ಕೇಳಿದಳು, "ಅಪ್ಪಾ, ಬರ್ತೀಯಾ ತಾನೇ?"

"ನಾನ್ ಬಂದ್ರೆ ಇಲ್ಲಿ ಲೈನ್ ನೋಡೋರ್ಯಾರಮ್ಮಾ? ಎರಡು ಗಂಟೆಗೆ ಒಂದು ಮನೇಲಾದ್ರೂ ಚಿತ್ರ ಹೋದ್ರೆ ನನ್ ಮಾನ ಹೋಗುತ್ತೆ. ನೀನು ಆಡು, ನಾನು ತೋರಿಸ್ತೀನಿ."

ಇಂಥ ತಪ್ಪನ್ನು ಕೇಬಲ್ಲಿನವನು ಮಾತ್ರ ಮಾಡಬಲ್ಲ. ಮಗಳು ಆಡುವ ಜಾಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಗೆ ಹೋಗಿ ಕಣ್ಣಾರೆ ನೋಡುವುದನ್ನು ಬಿಟ್ಟು, ಅವನು ಬೆಳಗಿನಿಂದ ಹನ್ನೊಂದು ಟೆರೇಸು ಹತ್ತಿದ. ತುಕ್ಕು ಹಿಡಿದ ಪಿನ್ನುಗಳನ್ನು ಬದಲಿಸಿದ, ಪಾರಿವಾಳ ಕುಕ್ಕಿದ ವೈರಿಗೆ ಟೇಪು ಸುತ್ತಿದ. ಊಟ ಮಾಡಲಿಲ್ಲ. ಒಂದೂಮುಕ್ಕಾಲಿಗೆ ಸುಧೀಂದ್ರ ಅವರ ಮನೆಯ ಹಾಲಿನಲ್ಲಿ ಚಪ್ಪಲಿ ಬಿಟ್ಟು ನಿಂತ. ಸುಧೀಂದ್ರ ಕಾರ್ಖಾನೆಯಿಂದ ಬೇಗ ಬಂದಿದ್ದರು, ಪಾರ್ಟ್ನರ್ ವೆಂಕಟಗಿರಿಯವರನ್ನೂ ಕರೆತಂದಿದ್ದರು. ತಟ್ಟೆಯಲ್ಲಿ ಕೋಡುಬಳೆ ಇತ್ತು.

ಎರಡು ಗಂಟೆಗೆ ಪರದೆಯ ಮೇಲೆ ಹಸಿರು ಹುಲ್ಲು ಬಂತು. ಮಹದೇವನ ಎದೆ ಹಿಗ್ಗಿತು. ಆಮೇಲೆ ಬಿಳಿ ಪ್ಯಾಂಟಿನ ಗಂಡಸೊಬ್ಬ ಬಂದು ಚೆಂಡಿನ ಮುಂದೆ ಸೊಂಟ ಅಲ್ಲಾಡಿಸಿದ. ಅವನ ಹಿಂದೆ ಇನ್ನೊಬ್ಬ ಗಂಡಸು. ಅವನ ಹಿಂದೆ ಛತ್ರಿ ಹಿಡಿದ ಮೂರನೆಯವನು.

"ಎಲ್ಲಿ ಮಹದೇವ್, ನಮ್ಮ ಟೋಪಿ?" ಎಂದರು ಸುಧೀಂದ್ರ.

ಇಪ್ಪತ್ತೆಂಟು ವರ್ಷದ ಅಭ್ಯಾಸ ಸುಮ್ಮನೆ ಬಿಡುವುದಿಲ್ಲ. ಪರದೆಯಲ್ಲಿ ಏನು ಎಡವಟ್ಟಾದರೂ ತಪ್ಪು ತನ್ನ ವೈರಿನದೇ ಎಂದು ಅವನ ಕೈಗೆ ಗೊತ್ತು. "ಒಂದ್ನಿಮಿಷ ಸಾರ್" ಎಂದು ಪೆಟ್ಟಿಗೆ ಆರಿಸಿ ಹಚ್ಚಿದ. ಪಿನ್ನು ಕಿತ್ತು ಹೊಸದು ಹಾಕಿದ. ಬೇರೆ ಪೆಟ್ಟಿಗೆ ತಂದು ಜೋಡಿಸಿದ. ಟೆರೇಸಿಗೆ ಓಡಿ, ಮೊಣಕಾಲು ನೋವಿನಲ್ಲಿ ಹಲ್ಲು ಕಚ್ಚಿ, ವೈರನ್ನು ಬಿಚ್ಚಿ ಮತ್ತೆ ಬಿಗಿದ. ಕೆಳಗಿಳಿದು ಬಂದಾಗ ಬಿಳಿ ಪ್ಯಾಂಟಿನವನು ಇನ್ನೂ ಸೊಂಟ ಅಲ್ಲಾಡಿಸುತ್ತಿದ್ದ, ಮೊದಲಿಗಿಂತ ಸ್ಪಷ್ಟವಾಗಿ.

ಕೊನೆಗೆ ಅವನು ಚಾನೆಲ್ಲಿನ ನಂಬರಿಗೆ ಫೋನು ಮಾಡಿದ. ಒಂದನ್ನು ಒತ್ತಿ, ಮೂರನ್ನು ಒತ್ತಿ, ಹತ್ತು ನಿಮಿಷ ಪಿಟೀಲು ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಬರುತ್ತಿರುವುದು ಎಂಟು ತಿಂಗಳ ಹಿಂದಿನ ಪುರುಷರ ಪಂದ್ಯದ ಮರುಪ್ರಸಾರ ಎಂದಳು.

"ಇವತ್ತು ಇದೇ ಊರಲ್ಲಿ ಹೆಣ್ಮಕ್ಕಳ ಫೈನಲ್ ನಡೀತಾ ಇದೆಯಲ್ಲಮ್ಮಾ, ಈಗ, ಈ ಗಳಿಗೇಲಿ?"

"ಮಹಿಳೆಯರ ಪಂದ್ಯದ ಪ್ರಸಾರ ನಮ್ಮಲ್ಲಿ ಇಲ್ಲ ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?"

ಬೇರೆ ಏನು ಸಹಾಯ! ಮಹದೇವನಿಗೆ ಬಾಯಲ್ಲಿ ಹೊಲಸು ಮೆತ್ತಿದಂತಾಯಿತು. ನಡೆಯುತ್ತಿರುವ ಆಟ ಬೇಡ, ಹೆಂಗಸರದ್ದಾದರೆ. ಮುಗಿದು ಹೋದದ್ದು ಬೇಕು, ಗಂಡಸರದ್ದಾದರೆ. ಎಂಟು ತಿಂಗಳ ಹಳಸಲನ್ನು ಮತ್ತೆ ಬಿಸಿಮಾಡಿ ಬಡಿಸುತ್ತಾರೆ, ಎದುರಿಗೆ ಹೊಸದಾಗಿ ಬೇಯುತ್ತಿರುವುದನ್ನು ಮೂಸಿಯೂ ನೋಡುವುದಿಲ್ಲ. ಈ ಎಂಜಲನ್ನು ತಾನೇ ತಾನು ಇಷ್ಟು ವರ್ಷ ಹೆಗಲ ಮೇಲೆ ಹೊತ್ತು ಮನೆಮನೆಗೆ ಮುಟ್ಟಿಸಿದ್ದು ಎಂದುಕೊಂಡಾಗ ತನ್ನ ಕೈಯನ್ನು ಕಂಡೇ ಅವನಿಗೆ ಹೇಸಿಗೆಯಾಯಿತು.

ಸುಧೀಂದ್ರ ಎದ್ದು ನಿಂತರು. ದನಿ ಏರಿಸಲಿಲ್ಲ. "ಹುಡುಗಿ ಚೆನ್ನಾಗಿ ಆಡ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಾಣ್ಬೇಕಲ್ಲ ಮಹದೇವ್. ಕಾಣ್ದೇ ಇರೋದಕ್ಕೆ ನಾನು ಹೆಸರು ಹೇಗೆ ಅಂಟಿಸ್ಲಿ? ಬೇಜಾರ್ ಮಾಡ್ಕೋಬೇಡಿ."

ವೆಂಕಟಗಿರಿಯವರು ಕೋಡುಬಳೆ ಮುರಿಯುತ್ತ, ಬಿಳಿ ಪ್ಯಾಂಟಿನವನ ಹೊಡೆತವನ್ನು ನೋಡಿ, "ಪರವಾಗಿಲ್ಲ, ಚೆನ್ನಾಗ್ ಹೊಡೀತಾನೆ" ಎಂದರು. ಮಹದೇವ ತನ್ನ ಚೀಲ ಎತ್ತಿಕೊಂಡು ಹೊರಬಿದ್ದ.

ದಾರಿಯುದ್ದಕ್ಕೂ ಅವನಿಗೆ ಮಂಗಳಾರತಿ. ಒಂದು ಮನೆಯ ಗೇಟಿನಿಂದ, "ಏನಣ್ಣಾ, ನಿಮ್ ಮಗಳು ಅಂದ್ರಿ, ಯಾರೋ ಗಂಡಸ್ರು ಬಂದ್ರು." ಇನ್ನೊಂದು ಮಹಡಿಯಿಂದ, "ನಿಮ್ ಕೇಬಲ್ಲೇ ಸರಿಯಿಲ್ಲ ಬಿಡಿ, ಫೋನಲ್ಲಾದ್ರೆ ಎಲ್ಲಾ ಬರುತ್ತೆ." ಎರಡನೇ ಕ್ರಾಸಿನ ಶಿವಕ್ಕ, ಎಪ್ಪತ್ತು ದಾಟಿದವಳು, ಒಂದೂವರೆಗೇ ಮಧ್ಯಾಹ್ನದ ನಿದ್ದೆ ಬಿಟ್ಟು ಟಿವಿಯ ಮುಂದೆ ಕೂತಿದ್ದಳಂತೆ. "ಪಾಪ, ಮಗೂನ ಯಾಕಪ್ಪಾ ತೋರಿಸ್ಲಿಲ್ಲ? ಏನ್ ತಪ್ಪು ಮಾಡ್ತು?" ಎಂದು ಕೇಳಿದಳು.

ನಾಲ್ಕೂವರೆಗೆ ಶಶಿಕಲಾಳ ಫೋನು ಬಂತು. ಮಗಳು ಗೆದ್ದಿದ್ದಳು, ಒಂದೇ ಒಂದು ಹೊಡೆತದ ಅಂತರದಲ್ಲಿ. ಮಹದೇವ ರಸ್ತೆ ಬದಿಯ ವಿದ್ಯುತ್ ಕಂಬ ಹಿಡಿದುಕೊಂಡು ನಿಂತು ಅತ್ತ. ಗೆದ್ದದ್ದಕ್ಕೆ ಅತ್ತನೋ, ನೋಡದೆ ಹೋದದ್ದಕ್ಕೆ ಅತ್ತನೋ, ಅವನನ್ನೇ ಕೇಳಿದರೂ ಹೇಳಲಾರ.

ಆರೂವರೆಗೆ ತಾಯಿ ಮಗಳು ಇಬ್ಬರೂ ಮನೆಗೆ ಬಂದರು. ಸಂಘಮಿತ್ರಾ ಗೆದ್ದುಕೊಂಡು ಬಂದ ಹಿತ್ತಾಳೆಯ ಬಟ್ಟಲನ್ನು ಟಿವಿಯ ಮೇಲಿಟ್ಟು, ಅಲ್ಲಿಂದ ತೆಗೆದು ಅಕ್ಕಿ ಡಬ್ಬದ ಮೇಲಿಟ್ಟಳು. ಆಮೇಲೆ ಅಪ್ಪನ ಮುಖ ನೋಡಿದಳು.

"ಕೊನೇದು, ಹದಿನೆಂಟನೇ ಗ್ರೀನಿಗೆ ಬಂದಾಗ ಸುತ್ತ ನೋಡ್ದೆ ಅಪ್ಪಾ. ಒಂದು ವೇಳೆ ಬಂದಿದೀಯೇನೋ ಅಂತ."

"ಟೆರೇಸ್ ಮೇಲಿದ್ದೆ" ಎಂದ ಮಹದೇವ. ಮಿಕ್ಕಿದ್ದನ್ನೂ ಹೇಳಿದ, ಮುಚ್ಚಿಡಲಿಲ್ಲ. ಅವಳು ತಲೆಯಿಂದ ಟೋಪಿ ತೆಗೆದು, ಹೆಸರು ಹೊಲಿದ ಜಾಗವನ್ನು ಬೆರಳಿನಿಂದ ಒರೆಸಿ ಅವನ ಕೈಗಿಟ್ಟಳು.

"ಅವರಿಗೆ ಕೊಟ್ಬಿಡು. ಗೆದ್ದಿರೋ ದುಡ್ಡಲ್ಲಿ ಮೂರ್ನಾಲ್ಕು ಪಂದ್ಯ ಆಡ್ಬಹುದು. ಆಮೇಲೆ ನೋಡೋಣ." ಅಷ್ಟು ಹೇಳಿ ಸ್ನಾನಕ್ಕೆ ಹೋದಳು. ಬಚ್ಚಲಿನಲ್ಲಿ ನೀರು ಬಹಳ ಹೊತ್ತು ಸುರಿಯಿತು.

ಶಶಿಕಲಾ ಅಡುಗೆಮನೆಯ ನೆಲದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದ್ದಳು. ಮಹದೇವ ಅವಳ ಎದುರು, ನೋಯುವ ಕಾಲನ್ನು ಚಾಚಿ ಕೂತ.

"ನೀನಾದ್ರೂ ನೋಡಿದ್ಯಾ?"

"ನೋಡ್ದೆ ಕಣ್ರೀ. ಕಳೆ ಕೀಳೋ ನಮ್ಮನ್ನೆಲ್ಲ ಪಂಪ್‌ಹೌಸ್ ಹಿಂದೆ ಕೂರ್ಸಿದ್ರು, ಆಚೆ ಬರ್ಬೇಡಿ ಅಂತ. ದಾಸವಾಳದ ಬೇಲಿ ಸಂದೀಲಿ ನೋಡ್ದೆ. ಬಟ್ಟಲು ಕೊಟ್ಟಾಗ ಅವಳೇ ಬಂದು ಎಳ್ಕೊಂಡೋದ್ಲು. ಫೋಟೋದೋನು, ಅಮ್ಮಾ ನೀವು ಸ್ವಲ್ಪ ಪಕ್ಕಕ್ಕೆ ಸರೀರಿ ಅಂದ."

ಮಹದೇವ ಹಲ್ಲು ಕಡಿದ. ಅಲ್ಲೂ ಅದೇ ಕ್ಯಾಮೆರಾ, ಅದೇ ಜಾತಿಯ ಕಣ್ಣು. "ಕೊನೇ ಹೊಡೆತ ಹೆಂಗಿತ್ತು?" ಎಂದು ಕೇಳಿದ.

ಶಶಿಕಲಾ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ನೆಲವನ್ನು ಅಂಗೈಯಿಂದ ಒರೆಸಿದಳು. ಆ ನೆಲದಲ್ಲಿ ಗಾರೆ ಕಿತ್ತುಹೋದ ಸಣ್ಣ ಗುಂಡಿಯೊಂದಿತ್ತು. ಅದರಿಂದ ಎರಡು ಗೇಣು ದೂರದಲ್ಲಿ ಒಂದು ಅವರೆಕಾಳು ಇಟ್ಟಳು.

"ಇದು ಕುಳಿ. ಇದು ಚೆಂಡು. ನೋಡೋರಿಗೆ ನೆಲ ಎಡಕ್ಕೆ ಇಳಿಜಾರು, ಚೆಂಡು ಎಡಕ್ಕೇ ಓಡುತ್ತೆ ಅಂತ ಕಾಣುತ್ತೆ. ಅವಳ ಜೊತೇಲಿ ಆಡ್ತಿದ್ದ ಹುಡುಗೀನೂ ಹಂಗೇ ಅಂದ್ಕೊಂಡು ತಪ್ಪಿಸ್ಕೊಂಡ್ಲು. ಆದ್ರೆ ಇಲ್ಲಿ," ಎಂದು ಗುಂಡಿಯ ಹತ್ತಿರ ಅಂಗೈ ಊರಿದಳು, "ಇಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತೆ ಕಣ್ರೀ. ಹುಲ್ಲು ಒತ್ತಾಗಿ ಬೆಳೆಯುತ್ತೆ. ಚೆಂಡಿನ ಓಟ ಸತ್ತೋಗುತ್ತೆ. ಅಲ್ಲಿ ಕೂತು ನಾವಿಬ್ರೂ ಎಷ್ಟು ಕಳೆ ಕಿತ್ತಿಲ್ಲ! ಅದು ಅವಳ ಬೆರಳಿಗೆ ಗೊತ್ತು. ನೇರವಾಗಿ, ಒಂಚೂರು ಜೋರಾಗಿ ಬಿಟ್ಲು." ಬೆರಳಿನಿಂದ ಕಾಳನ್ನು ತಳ್ಳಿದಳು. ಅದು ನೆಟ್ಟಗೆ ಉರುಳಿ ಗುಂಡಿಯಲ್ಲಿ ಬಿತ್ತು.

ಮಹದೇವ ಉಸಿರು ಬಿಡದೆ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಇಷ್ಟು ಗಮನವಿಟ್ಟು ಏನನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಶಿವಕ್ಕ.

"ಮಹದೇವಾ, ಸೀರಿಯಲ್ ಶುರುವಾಯ್ತು, ಚಿತ್ರಾನೇ ಇಲ್ಲ ಕಣಪ್ಪಾ. ಬೇಗ ಬಾ."

"ನಾಳೆ ಬರ್ತೀನಿ ಶಿವಕ್ಕ."

ಇಂಥ ಮಾತು ಅವನ ಬಾಯಿಂದ ಎಂದೂ ಬಂದಿರಲಿಲ್ಲ. ಅವಳು ತಡವರಿಸಿದಳು. "ನಾಳೆನಾ? ಯಾಕೆ, ಈಗೇನ್ ಮಾಡ್ತಾ ಇದೀಯ?"

"ಮಗಳ ಮ್ಯಾಚ್ ನೋಡ್ತಾ ಇದೀನಿ."

"ಅಯ್ಯೋ, ಬಂತಾ? ಯಾವ ನಂಬರಲ್ಲಪ್ಪಾ?"

"ಯಾವ ನಂಬರಲ್ಲೂ ಬರಲ್ಲ ಶಿವಕ್ಕ. ಅದನ್ನ ತೋರಿಸೋರು ಯಾರೂ ಇಲ್ಲ" ಎಂದು ಮಹದೇವ ಫೋನನ್ನು ಆರಿಸಿಟ್ಟ. ಗುಂಡಿಯಿಂದ ಕಾಳನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ಇನ್ನೊಂದ್ಸಲ ಹಾಕೇ" ಎಂದ. "ಮೊದಲನೇ ಕುಳಿಯಿಂದ."