ತಲೆಗೆ ಬಿಗಿದ ದುಪಟ್ಟಾ

ಮದುವೆಯಾಗಿ ಉಡುಪಿಯಿಂದ ಅಬುಧಾಬಿಗೆ ಬಂದ ಭವ್ಯಶ್ರೀಗೆ, ಕೂದಲು ಕಂಡರೆ ಪೊಲೀಸರು ಹಿಡಿಯುತ್ತಾರೆಂದು ಯಾರೋ ಹೆದರಿಸಿದ್ದರು. ತಲೆಗೆ ದುಪಟ್ಟಾ ಬಿಗಿಯದೆ ಅವಳು ಬಾಲ್ಕನಿಗೂ ಹೋಗುತ್ತಿರಲಿಲ್ಲ. "ಹಾಗೆಲ್ಲ ಇಲ್ಲ ಮಾರಾಯ್ತಿ" ಎಂದು ಗಂಡ ಶ್ರವಣ್ ಹೇಳಿದರೂ ನಂಬಲಿಲ್ಲ.

ಗುರುತಿನ ಚೀಟಿಯ ಫೋಟೊ ತೆಗೆಸಲು ಹೋದ ದಿನ, ಕಪ್ಪು ಅಬಾಯಾ ತೊಟ್ಟ ಅಧಿಕಾರಿಣಿ ಅವಳನ್ನೇ ದಿಟ್ಟಿಸಿದಳು. ಭವ್ಯಶ್ರೀ ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡಳು.

"ನೀವು ಮುಸ್ಲಿಮರಾ?" ಆಕೆ ಹಿಂದಿಯಲ್ಲಿ ಕೇಳಿದಳು.

"ಅಲ್ಲ, ಹಿಂದೂ. ತಪ್ಪಾಯ್ತಾ ಮೇಡಂ?"

"ತಪ್ಪೇನಿಲ್ಲ. ಫೋಟೊಗೆ ದುಪಟ್ಟಾ ತೆಗೆಯಿರಿ. ಹೊರಗೂ ಭುಜ, ಮೊಣಕಾಲು ಮುಚ್ಚಿದ್ದರೆ ಸಾಕು, ಖಲಾಸ್."

ಭವ್ಯಶ್ರೀಯ ಬೆರಳಿಗೆ ದುಪಟ್ಟಾದ ಪಿನ್ನು ಸಿಗಲಿಲ್ಲ, ಅಧಿಕಾರಿಣಿಯೇ ಬಿಡಿಸಿದಳು.

ಆ ಸಂಜೆ ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಭವ್ಯಶ್ರೀ ಬರಿದಲೆಯಲ್ಲಿ, ಗಂಡನ ಕೈ ಬಿಡದೆ ನಡೆದಳು. ಯಾರೂ ತಿರುಗಿ ನೋಡಲಿಲ್ಲ. ಆದರೂ ಒಬ್ಬಳೇ ಹೊರಗೆ ಹೋಗುವ ಧೈರ್ಯ ಬರಲು ವರ್ಷವೇ ಹಿಡಿಯಿತು.