ಬಾಮೈದ ಬಿಗಿ ಮಾಡಿದ ಚೈನು

ನನ್ನ ಹೆಂಡತಿಗೆ ಐವತ್ತೈದು ದಾಟಿದ ಮೇಲೆ ಒಂದು ಸೈಕಲ್ ಸಿಕ್ಕಿತು. ತುಳಿಯುವುದು ಹೈಸ್ಕೂಲಿನಿಂದಲೇ ಗೊತ್ತಿದ್ದರೂ ಮದುವೆಯಾದ ಮೇಲೆ ಅವಳು ಸೈಕಲ್ ಮುಟ್ಟಿರಲಿಲ್ಲ. ಗೋಕುಲಂನಲ್ಲಿ ಅವಳ ಗೆಳತಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಯೋಗ ಕಲಿಯಲು ಬಂದಿದ್ದ ವಿದೇಶದ ಹುಡುಗಿಯೊಬ್ಬಳು ತನ್ನೂರಿಗೆ ಹೊರಡುವಾಗ ಅದನ್ನು ಅಲ್ಲೇ ಬಿಟ್ಟು ಹೋದಳಂತೆ. ಗೆಳತಿಗೆ ಮಂಡಿನೋವು. "ನೀನೇ ತಗೊಂಡ್ಹೋಗು" ಅಂದಿದ್ದಾರೆ. ಇವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಸುತ್ತಿಕೊಂಡು, ಶ್ರೀರಾಂಪುರದವರೆಗೆ ತುಳಿದುಕೊಂಡೇ ಬಂದುಬಿಟ್ಟಳು. ನಾನು ಗೇಟು ತೆಗೆದು, ಯಾರು ಬೇಕಿತ್ತು ಅಂತ ಕೇಳುವವನಿದ್ದೆ.

ಮೊದಲು ಅದಕ್ಕೆ ಗೇರೇ ಇಲ್ಲ ಅಂದುಕೊಂಡೆ. ಹಿಂದಿನ ಚಕ್ರಕ್ಕೆ ಇದ್ದದ್ದು ಒಂದೇ ಹಲ್ಲುಚಕ್ರ. ಆದರೆ ಹ್ಯಾಂಡಲ್ ಹತ್ತಿರ ಒಂದು, ಎರಡು, ಮೂರು ಅಂತ ಬರೆದ ತಿರುಗಣೆ. ಆಮೇಲೆ ತಿಳಿಯಿತು, ಈ ಸೈಕಲ್ಲಿನ ಗೇರೆಲ್ಲ ಹಿಂಚಕ್ರದ ನಡುವಿನ ದಪ್ಪ ಹಬ್‌ನ ಒಳಗೇ ಅಡಗಿ ಕೂತಿವೆ. ಹೊರಗೆ ಗೇರಿರುವ ಸೈಕಲ್ಲುಗಳಲ್ಲಿ ಚೈನು ಸಡಿಲವಾದರೆ ಎಳೆದು ಹಿಡಿಯಲು ಸ್ಪ್ರಿಂಗಿನ ತೋಳೊಂದು ಇರುತ್ತದೆ. ಇದಕ್ಕೆ ಅದಿಲ್ಲ. ಚೈನು ಸವೆದು ಜೋಲು ಬಿದ್ದರೆ ಮನುಷ್ಯರೇ ಹಿಂಚಕ್ರವನ್ನು ಅಷ್ಟು ಹಿಂದಕ್ಕೆ ಸರಿಸಿ ನಟ್ಟು ಬಿಗಿಯಬೇಕು.

ನಮ್ಮ ಸೈಕಲ್ಲಿನ ಚೈನು ಜೋಲು ಬಿದ್ದ ವಿಷಯ ನಮಗೆ ತಿಳಿದದ್ದು ಅದು ಅಶೋಕಪುರಂನಲ್ಲಿ ಕಳಚಿಕೊಂಡಾಗ. ಅಲ್ಲಿ ಒಂದಷ್ಟು ಹೆಂಗಸರಿಗೆ ನನ್ನ ಹೆಂಡತಿ ಹೊಲಿಗೆ ಹೇಳಿಕೊಡುತ್ತಾಳೆ. ದಾರಿಯಿಂದ ಫೋನು ಬಂತು.

"ರೀ, ಚೈನು ಬಿದ್ದೋಯ್ತು. ಬರ್ತೀರಾ?"

ಸ್ಕೂಟರಿನಲ್ಲಿ ಹೋಗಿ, ಒಂದು ಕಡ್ಡಿಯಿಂದ ಚೈನು ಎತ್ತಿ ಹಲ್ಲಿಗೆ ಕೂರಿಸಿ, ಕೈ ಮಸಿ ಮಾಡಿಕೊಂಡು ವೀರನ ಹಾಗೆ ವಾಪಸ್ಸು ಬಂದೆ. ಸಂಜೆ ಮನೆಯಲ್ಲಿ ನಾನೇ ಸ್ಪ್ಯಾನರ್ ಹಿಡಿದೆ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ಜೀವಮಾನವೆಲ್ಲ ಕೊಂಬು, ಇಳಿ ಹುಡುಕಿದವನಿಗೆ ಒಂದು ಚಕ್ರ ಸರಿಸುವುದು ಯಾವ ದೊಡ್ಡ ಕೆಲಸ? ಎರಡೂ ಕಡೆಯ ನಟ್ಟು ಸಡಿಲಿಸಿ, ಚಕ್ರ ಹಿಂದಕ್ಕೆ ಎಳೆದು, ಬಲಗಡೆ ಬಿಗಿದೆ. ಎಡಗಡೆ ಬಿಗಿಯುವಷ್ಟರಲ್ಲಿ ಚಕ್ರ ಓರೆಯಾಯಿತು. ಓರೆ ತಿದ್ದುವಷ್ಟರಲ್ಲಿ ಚೈನು ಮತ್ತೆ ಸಡಿಲವಾಯಿತು. ಮತ್ತೆ ಎಳೆದು, ಚೈನನ್ನು ಒಂದು ಕಡೆ ಒತ್ತಿ ನೋಡಿ, ಇಷ್ಟು ಸಾಕು ಅಂತ ಎದ್ದೆ.

ಮಾರನೆಯ ದಿನ ಅದೇ ಅಶೋಕಪುರಂನಲ್ಲಿ ಚೈನು ಮತ್ತೆ ಬಿತ್ತು. ಈ ಸಲ ಅವಳು ಫೋನು ಮಾಡಿದ್ದು ನನಗಲ್ಲ, ತಮ್ಮನಿಗೆ.

ನನ್ನ ಈ ಬಾಮೈದ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮನೆಯೂ ಅಲ್ಲೇ. ಬಿಗಿ ಮಾಡುವುದೆಂದರೆ ಅವನಿಗೆ ಪ್ರಾಣ. ನಮ್ಮ ಮನೆಗೆ ಬಂದರೆ ಕೂರುವ ಮುಂಚೆ ನಲ್ಲಿ ತಿರುಗಿಸಿ ನೋಡುತ್ತಾನೆ. ಅವನು ಉಪ್ಪಿನಕಾಯಿ ಬಡಿಸಿಕೊಂಡು ಜಾಡಿಯ ಮುಚ್ಚಳ ಹಾಕಿಹೋದರೆ, ಅದನ್ನು ತೆಗೆಯಲು ಅವನೇ ಮತ್ತೆ ಬರಬೇಕು.

ಸಂಜೆ ನಮ್ಮ ಮನೆಗೆ ಬಂದು ಸೈಕಲ್ ನೋಡಿದವನೇ ನನ್ನ ಕಡೆ ತಿರುಗಿದ. "ಭಾವ, ಇದನ್ನ ನೀವೇ ಮಾಡಿದ್ದಾ?"

"ಹೂಂ. ಯಾಕೆ?"

"ಏನಿಲ್ಲ ಬುಡಿ. ಬಟ್ಟೆ ಒಣಗಾಕೋ ಹಗ್ಗಾನಾದ್ರೂ ಇದಕ್ಕಿಂತ ಬಿಗಿಯಾಗಿ ಕಟ್ತಾರೆ."

"ನೀನು ಮಾಡಯ್ಯ, ನೋಡೋಣ" ಅಂದೆ.

ಮಾಡಿದ. ತುಟಿ ಕಚ್ಚಿಕೊಂಡು, ಕಾಲು ಕೊಟ್ಟು ಚಕ್ರ ಎಳೆದು, ಚೈನು ಅಲುಗದ ಹಾಗೆ ಮಾಡಿಟ್ಟ. ಬೆರಳಿನಿಂದ ಮೀಟಿದರೆ ತಂಬೂರಿಯಂತೆ ನಾದ ಬರುವುದೊಂದು ಬಾಕಿ. ಬಾಳೆಎಲೆಯಲ್ಲಿ ಊಟ ಹಾಕಿಸಿಕೊಂಡು, ಉಂಡು ಹೋದ.

ಬೆಳಿಗ್ಗೆ ಸೈಕಲ್ ಏರಿ ಹೋದ ನನ್ನ ಹೆಂಡತಿ ರಸ್ತೆಯ ತಿರುವಿನವರೆಗೂ ಹೋಗದೆ ತಳ್ಳಿಕೊಂಡು ಬಂದಳು.

"ಹಿಂದೆ ಯಾರೋ ಕೂತಂಗಿದೆ ಕಣ್ರೀ. ಕಟಕಟ ಅನ್ನುತ್ತೆ. ಮೂರನೇ ಗೇರು ಬೀಳೋದೇ ಇಲ್ಲ."

ನನಗೆ ಆದ ಸಂತೋಷವನ್ನು ಮುಖದಲ್ಲಿ ತೋರಿಸಬಾರದೆಂದು ಪೇಪರು ಎತ್ತಿ ಹಿಡಿದೆ. ಅವಳು ಪೇಪರಿನ ಮೇಲಂಚು ಬಗ್ಗಿಸಿ ನೋಡಿದಳು. "ನಗ್ಬೇಡಿ. ನಿಮ್ದು ಬಿದ್ದೋಗ್ತಿತ್ತು, ಅವನ್ದು ತಿರುಗ್ತಾನೇ ಇಲ್ಲ. ಭಾನುವಾರ ಇಬ್ರೂ ಇಲ್ಲೇ ಇರ್ಬೇಕು."

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸೈಕಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿಕೊಂಡೆವು. ಬಾಮೈದ ನಟ್ಟು ಸಡಿಲಿಸಿದ. ಚಕ್ರ ಓರೆಯಾಗದಂತೆ ನೇರ ಹಿಡಿಯುವುದು ನನ್ನ ಪಾಲಿಗೆ. ಅವಳು ಕಾಫಿ ಲೋಟ ಕೆಳಗಿಟ್ಟು, ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಇನ್ನೊಂದು ಕೈಯ ಬೆರಳಿನಿಂದ ಚೈನನ್ನು ಒತ್ತಿ ಒತ್ತಿ ನೋಡಿದಳು.

"ಇಲ್ಲಿ ಸಡಿಲ. ಇನ್ನೊಂಚೂರು ತಿರುಗಿಸಿದ್ರೆ ಬಿಗಿ. ಇದೇನೋ ಇದು, ಒಂದೊಂದು ಕಡೆ ಒಂದೊಂದು ಥರ?"

ನಾನೂ ಬಾಮೈದನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೌದು, ಮುಂದಿನ ಹಲ್ಲುಚಕ್ರ ಪೂರಾ ಗುಂಡಗಿರಲಿಲ್ಲ. ನಾನು ಬಿಗಿ ಇದ್ದ ಜಾಗದಲ್ಲಿ ನೋಡಿ ಸಾಕು ಅಂದಿದ್ದೆ. ಅವನು ಸಡಿಲ ಇದ್ದ ಜಾಗದಲ್ಲಿ ನೋಡಿ ಎಳೆದಿದ್ದ. ಪೆಡಲನ್ನು ಒಂದು ಸುತ್ತು ತಿರುಗಿಸಿ ನೋಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

"ಅಂದ್ರೆ ಇಬ್ರೂ ಸರಿ ಅಕ್ಕ, ಒಂಥರಾ" ಅಂದ ಬಾಮೈದ.

"ಇಬ್ರೂ ತಪ್ಪು, ಒಂಥರಾ" ಅಂದಳು ಅವಳು. "ಎಲ್ಲಿ ತುಂಬ ಬಿಗಿಯೋ ಅಲ್ಲಿ ಅರ್ಧ ಇಂಚು ಆಡೋ ಹಂಗೆ ಇಡು. ಆಮೇಲೆ ಮಿಕ್ಕಿದ್ದು ನೋಡೋಣ."

ಹಾಗೇ ಮಾಡಿದೆವು. ಅವನು ಆ ಕಡೆ ಒಂಚೂರು, ಈ ಕಡೆ ಒಂಚೂರು ಬಿಗಿಯುತ್ತ ಬಂದ. ನಾನು ಉಸಿರು ಹಿಡಿದು ಚಕ್ರ ಹಿಡಿದಿದ್ದೆ. ಕೊನೆಯಲ್ಲಿ ಅಭ್ಯಾಸಬಲದಿಂದ ಸ್ಪ್ಯಾನರಿಗೆ ಇನ್ನೊಂದು ಪಟ್ಟು ಹಾಕಲು ಹೋದ. "ಸಾಕು ಬುಡೋ" ಅಂತ ಅವಳು ಕೈ ಹಿಡಿದಳು. ಮೂರನೇ ಗೇರು ಬೀಳದಿದ್ದದ್ದಕ್ಕೂ ಕಾರಣ ಸಿಕ್ಕಿತು. ಚಕ್ರ ಹಿಂದಕ್ಕೆ ಸರಿದಾಗ ಅದಕ್ಕೆ ಕಟ್ಟಿದ್ದ ಗೇರಿನ ತಂತಿಯೂ ಎಳೆದುಕೊಂಡಿತ್ತು. ಅದನ್ನು ಎಷ್ಟು ಬೇಕೋ ಅಷ್ಟು ಸಡಿಲಿಸಿದ ಮೇಲೆ ಮೂರೂ ಗೇರು ಟಿಕ್ ಟಿಕ್ ಎಂದು ಬಿದ್ದವು.

"ಪರೀಕ್ಷೆ ಮಾಡ್ಬೇಕಲ್ಲ" ಅಂದ ಬಾಮೈದ.

"ನಿನ್ನ ಮನೆಗೇ ಬರ್ತೀನಿ. ಮಧ್ಯಾಹ್ನದ ಅಡಿಗೆ ಹೇಳು" ಅಂದವಳೇ ಪೆಡಲಿಗೆ ಕಾಲು ಹಾಕಿ ಹೊರಟಳು.

ಶ್ರೀರಾಂಪುರದಿಂದ ಮೇಟಗಳ್ಳಿ ಅಂದರೆ ಊರಿನ ಈ ತುದಿಯಿಂದ ಆ ತುದಿ. ಅವಳನ್ನು ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ. ಹಾಗಂತ ಬಾಯಿ ಬಿಟ್ಟು ಹೇಳಲೂ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಂದೇ ಸ್ಕೂಟರಿನಲ್ಲಿ ಕೂತು, ಸ್ಪ್ಯಾನರನ್ನು ಡಿಕ್ಕಿಯಲ್ಲಿಟ್ಟುಕೊಂಡು, ಬೇರೆ ಏನೋ ಕೆಲಸಕ್ಕೆ ಹೊರಟವರಂತೆ ಅವಳ ಹಿಂದೆ ಹಿಂದೆ ಹೋದೆವು. ಅಷ್ಟು ನಿಧಾನಕ್ಕೆ ಸ್ಕೂಟರ್ ಓಡಿಸುವುದು ಸುಲಭವಲ್ಲ. ಬಾಮೈದ ನನ್ನ ಹೆಗಲ ಮೇಲಿನಿಂದ ಬಗ್ಗಿ ಚೈನನ್ನೇ ನೋಡುತ್ತಿದ್ದ. ಒಂದು ಸಿಗ್ನಲ್ಲಿನಲ್ಲಿ ಅವಳು ಕಾಲೂರಿ ನಿಂತು, ತಿರುಗಿಯೂ ನೋಡದೆ ಹೇಳಿದಳು.

"ಕಾವಲು ಕಾಯೋರು ಸ್ವಲ್ಪ ದೂರದಲ್ಲಿ ಕಾಯಿರಿ. ಜನ ಏನಾದ್ರೂ ಅಂದ್ಕೊಂಡಾರು."

ಪಕ್ಕದ ಆಟೋದವರು ನಕ್ಕರು. ನಾವು ಆಕಾಶ ನೋಡಿದೆವು. ಸಿಗ್ನಲ್ ಬಿಟ್ಟ ಮೇಲೆ ಅವಳು ಹೋದ ರೀತಿ ನೋಡಬೇಕಿತ್ತು. ಏರು ಬಂದರೆ ತಿರುಗಣೆ ಒಂದು, ಸಮ ಬಂದರೆ ಮೂರು. ಸದ್ದಿಲ್ಲ, ಕಟಕಟವಿಲ್ಲ. ಮೇಟಗಳ್ಳಿ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡದ್ದು ನಾವೇ. ಅವಳು ಮೊದಲೇ ತಲುಪಿ, ಬಾಮೈದನ ಹೆಂಡತಿಯ ಜೊತೆ ಬಾಗಿಲಲ್ಲಿ ಮಜ್ಜಿಗೆ ಕುಡಿಯುತ್ತ ನಿಂತಿದ್ದಳು.

ಊಟವಾಗಿ ಹೊರಡುವ ಹೊತ್ತಿಗೆ ಅವಳು ನನ್ನ ಕೈಯಿಂದ ಸ್ಕೂಟರಿನ ಕೀ ತೆಗೆದುಕೊಂಡಳು.

"ನೀವು ಸೈಕಲ್ ತಗೊಂಡ್ಬನ್ನಿ. ನೀವೂ ಒಂದ್ಸಲ ನೋಡ್ಬೇಕಲ್ಲ."

ಸೀಟು ಎತ್ತರಿಸಿಕೊಳ್ಳಲು ನನಗೆ ಹೊಳೆಯಲಿಲ್ಲ. ಮಂಡಿ ಹೊಟ್ಟೆಗೆ ತಾಗುತ್ತ ಹೊರಟೆ. ಆದರೂ ಸೈಕಲ್ ಎಷ್ಟು ಹಗುರವಾಗಿ ಓಡುತ್ತಿತ್ತೆಂದರೆ, ನಾನು ತುಳಿಯುತ್ತಿದ್ದೇನೋ ಅದೇ ನನ್ನನ್ನು ಕರೆದುಕೊಂಡು ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಇಷ್ಟು ದಿನ ಅವಳು ಯಾಕೆ ಬೆಳಿಗ್ಗೆ ಬೆಳಿಗ್ಗೆ ಹಾಡಿಕೊಂಡು ಹೊರಡುತ್ತಿದ್ದಳು ಎಂಬುದು ಆಗ ಅರ್ಥವಾಯಿತು. ಹಿಂದಿನಿಂದ ಸ್ಕೂಟರಿನ ಹಾರನ್ ಕೇಳಿಸಿತು. ಅವಳು ಪಕ್ಕಕ್ಕೆ ಬಂದು, ನನ್ನ ಮಂಡಿಗಳನ್ನೊಮ್ಮೆ ನೋಡಿ, ತುಟಿ ಬಿಗಿಹಿಡಿದು ನಗು ನುಂಗಿ, "ನಿಧಾನವಾಗಿ ಬನ್ನಿ, ಕಾಫಿ ಮಾಡಿಟ್ಟಿರ್ತೀನಿ" ಎಂದು ಹೇಳಿ ಮುಂದೆ ಹೋದಳು.